ಹಿಂದಿನ ಬಾಗಿಲು

ವಾರ್ನಿಶ್ ಎಷ್ಟೇ ದಪ್ಪಗೆ ಬಳಿಯಲಿ, ಹೊನ್ನೆಣ್ಣೆಯ ವಾಸನೆ ಪೂರ್ತಿ ಹೋಗುವುದಿಲ್ಲ. ಬಾಳೆಗುಳಿ ದಾಟಿ ಹೆದ್ದಾರಿಯ ಬದಿಯಲ್ಲಿ ನಿಂತಿದ್ದ ಆ ಬಾಗಿಲಿಗೆ ಮೂಗು ತಾಗಿಸಿದ್ದೇ, ಅದೇ ಕಹಿ ಜಿಡ್ಡು ವಾಸನೆ ಬಡಿಯಿತು. ಉಪ್ಪುಗಾಳಿಗೆ ಮರ ಕೆಡಬಾರದೆಂದು ನನ್ನ ತಾಯಿ, ನಮ್ಮ ಆಯಿ, ಮಳೆಗಾಲಕ್ಕೆ ಮೊದಲು ಹಳೇ ಪಂಚೆಯ ಚೂರನ್ನು ಹೊನ್ನೆಣ್ಣೆಯಲ್ಲಿ ಅದ್ದಿ ಬಾಗಿಲುಗಳಿಗೆಲ್ಲ ತಿಕ್ಕುತ್ತಿದ್ದಳು. ನನ್ನ ಶಾಲೆಯ ಲಂಗಕ್ಕೂ ಅದೇ ವಾಸನೆ. ಪಕ್ಕದಲ್ಲಿ ಕೂರುವ ಹುಡುಗಿ ಮೂಗು ಮುಚ್ಚಿಕೊಳ್ಳುತ್ತಿದ್ದಳು.

ಆ ಮನೆ ಈಗಿಲ್ಲ. ಕಾರವಾರದ ದಕ್ಷಿಣಕ್ಕೆ ಕಡಲಂಚಿನಲ್ಲಿದ್ದ ನಮ್ಮ ಊರೇ ನೌಕಾನೆಲೆಗೆ ಹೋಯಿತು. ಸಂಜೆ ದೀಪ ಹಚ್ಚುವಾಗ ಮುಂದಿನ ಬಾಗಿಲು ತೆರೆದಿಟ್ಟು ಹಿಂದಿನದನ್ನು ಹಾಕಬೇಕು, ಒಳಗೆ ಬಂದ ಲಕ್ಷ್ಮಿ ಹಿತ್ತಿಲಿನಿಂದ ಹೊರಟುಹೋಗಬಾರದಲ್ಲ! ಅದು ನನ್ನ ಕೆಲಸವಾಗಿತ್ತು. ಎಲ್ಲೇ ಆಡುತ್ತಿದ್ದರೂ ಓಡಿ ಬಂದು, ಅಗಳಿ ಜಡಿದು, "ಹಾಕ್ದೆ ಆಯೀ" ಎಂದು ಕೂಗಿದ ಮೇಲೇ ಅವಳು ಕಡ್ಡಿ ಗೀರುತ್ತಿದ್ದಳು. ಊರು ಬಿಟ್ಟ ದಿನ ಮುಂಬಾಗಿಲನ್ನು ಚೌಕಟ್ಟು ಸಮೇತ ಕಿತ್ತು ಲಾರಿಗೆ ಹೇರಿದರು. ಲಾರಿಯವನು ಹಾರ್ನ್ ಹೊಡೆಯುತ್ತಲೇ ಇದ್ದ. ಆ ಗಡಿಬಿಡಿಯಲ್ಲಿ ಹಿಂದಿನ ಬಾಗಿಲು ಹಾಕದೆ ಬಂದದ್ದು ಆಯಿಗೆ ದಾರಿಯಲ್ಲಿ ನೆನಪಾಯಿತು. ಕೆಡವುವ ಮನೆಗೆ ಬಾಗಿಲು ಹಾಕಿದರೇನು, ಬಿಟ್ಟರೇನು ಎಂದು ನನ್ನ ತಂದೆ, ನಮ್ಮ ಬಾಬಾ, ಗದರಿದರು. ತೋಡೂರಿನ ಪುನರ್ವಸತಿ ಕಾಲೊನಿಯ ಪುಟ್ಟ ಮನೆಗೆ ಆ ದೊಡ್ಡ ಬಾಗಿಲು ಹಿಡಿಸದೆ, ಅದನ್ನು ಗುಜರಿಯವನಿಗೆ ಕೊಟ್ಟರು. ವರ್ಷ ತುಂಬುವುದರೊಳಗೆ ಬಾಬಾ ತೀರಿಕೊಂಡರು. "ನಾನು ಬಾಗ್ಲ ತೆಗ್ದಿಟ್ಟು ಬಂದದ್ಕೇಯಾ" ಎಂದಳು ಆಯಿ. ಎಷ್ಟು ಹೇಳಿದರೂ ಕೇಳಲಿಲ್ಲ.

ಈಗ ಅವಳಿಗೆ ಮರೆವು. ಮೊಮ್ಮಕ್ಕಳ ಹೆಸರು ಹೋಯಿತು, ಉಂಡದ್ದು ಹೋಯಿತು. ಆದರೆ ಸಂಜೆಯಾದರೆ ಆ ಒಂದು ಮಾತು ತಪ್ಪುತ್ತಿರಲಿಲ್ಲ: "ಹಿಂದಿನ ಬಾಗ್ಲ ಹಾಕ್ದ್ಯೇನೆ?" ಕಾಲೊನಿ ಮನೆಯದನ್ನು ಹಾಕಿ ತೋರಿಸಿದರೆ, "ಇದಲ್ಲ ಮಾರಾಯ್ತಿ, ಇದಲ್ಲ" ಎಂದು ಅಳುತ್ತಿದ್ದಳು. ಕೆಲವೊಮ್ಮೆ ನನಗೂ ಸಿಟ್ಟು ಬರುತ್ತಿತ್ತು.

ಸ್ವಲ್ಪ ತಿರುಗಿದರೆ ಜೀವಕ್ಕೆ ಹಗುರಾದೀತೆಂದು ಒಂದು ಭಾನುವಾರ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಅಂಕೋಲೆಯ ಕಡೆ ಹೊರಟೆ. ಹೆದ್ದಾರಿ ಅಗಲವಾದ ಮೇಲೆ ಬದಿಯಲ್ಲಿ ಏನೇನೋ ಹುಟ್ಟಿಕೊಂಡಿವೆ. ಒಂದು ಹೋಟೆಲಿನ ತಾರಸಿಯ ಮೇಲೆ ನಿಜವಾದ ದೋಣಿ. ಇನ್ನೊಂದೆಡೆ ಆನೆಗಾತ್ರದ ಸಿಮೆಂಟಿನ ಏಡಿ. "ಅಯ್ಯಬ್ಬಾ, ಇದ್ರ ಆಮ್ಟಿಗೆ ಎಷ್ಟು ಕಾಯಿ ಅರೀಬೇಕೋ!" ಎಂದು ಆಯಿ ಬಾಯ್ತುಂಬ ನಕ್ಕಳು. ಅವಳು ನಕ್ಕು ಎಷ್ಟು ಕಾಲವಾಗಿತ್ತು! ಆ ಖುಷಿಯಲ್ಲೇ ಬಾಳೆಗುಳಿಯಾಚೆ, 'ಹಳೇ ಕಾಲದ ಹಳ್ಳಿ' ಎಂದು ಬೋರ್ಡು ಹಾಕಿದಲ್ಲಿ ನಿಲ್ಲಿಸಿದೆ.

ಸಿಮೆಂಟಿನ ಎತ್ತು, ಭತ್ತ ಕುಟ್ಟುವ ಗೊಂಬೆ ಹೆಂಗಸರು. ನಡುವೆ ಗೋಡೆಯಿಲ್ಲ, ಸೂರಿಲ್ಲ, ಬರೀ ಒಂದು ಬಾಗಿಲು. ಮೇಲೆ ಹೊಸ ಕದಿರು ಕಟ್ಟುತ್ತಿದ್ದ ಬಾಗಿದ ಮೊಳೆ, ಕೆಳಗೆ ನಮ್ಮ ನಾಯಿ ಕೆರೆದ ಗೀರು. ನಮ್ಮದೇ ಮುಂಬಾಗಿಲು. ಜನ ಅದರೊಳಗಿಂದ ತಲೆ ಹಾಕಿ ಹಲ್ಲು ಕಿರಿದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾನು ಅವರನ್ನು ಸರಿಸಿ ಬಾಗಿಲಿಗೆ ಮೂಗು ತಾಗಿಸಿದೆ. ಆಯಿ ಮಾತ್ರ ಚಪ್ಪಲಿ ಬಿಟ್ಟು, ಬಲಗಾಲಿಟ್ಟು ಹೊಸ್ತಿಲು ದಾಟಿದಳು.

"ಚಪ್ಲಿ ಇರ್ಲಿ ಅಜ್ಜೀ, ಇದೆಲ್ಲ ಫೋಟೊಕ್ಕೆ ಮಾಡಿದ್ದು" ಎಂದ ಕಾವಲುಗಾರ.

ಹೊತ್ತು ಮುಳುಗುತ್ತಿತ್ತು. ಅವನು ಬಾಗಿಲ ಪಕ್ಕದ ಪ್ಲಾಸ್ಟಿಕ್ ದೀಪದ ಸ್ವಿಚ್ಚಿಗೆ ಕೈ ಹಾಕಿದ. ಆಯಿ ಅವನ ಕೈ ಹಿಡಿದು ತಡೆದು, ನನ್ನತ್ತ ತಿರುಗಿದಳು.

"ಹಿಂದಿನ ಬಾಗ್ಲ ಹಾಕ್ದ್ಯೇನೆ?"

ನಾನು ನಡೆದೆ. ನಡುಮನೆ ಇರಬೇಕಾದಲ್ಲಿ ಹುಲ್ಲು, ಅಡಿಗೆಮನೆ ಇರಬೇಕಾದಲ್ಲಿ ಕಾರುಗಳ ಸಾಲು. ಹಿತ್ತಿಲ ಬಾಗಿಲು ಇರಬೇಕಾದಲ್ಲಿ ನಿಂತು ಎರಡೂ ಕೈಯಿಂದ ಗಾಳಿಯನ್ನು ದೂಡಿದೆ, ಅಗಳಿ ಎಳೆದೆ. ಜನ ನೋಡುತ್ತಿದ್ದರು. ನೋಡಲಿ.

"ಹಾಕ್ದೆ ಆಯೀ!"

"ಅಗಳಿ?"

"ಅದೂ ಹಾಕ್ದೆ."

ಅವಳು ಕಾವಲುಗಾರನ ಕೈ ಬಿಟ್ಟಳು. ದೀಪ ಹತ್ತಿತು. ಆಯಿ ಆ ಬಲ್ಬಿಗೆ ಕೈಮುಗಿದಳು.

ಅಂದಿನಿಂದ ಆಯಿ ಆ ಮಾತು ಕೇಳಿಲ್ಲ. ಸಂಜೆ ಸುಮ್ಮನೆ ಕುರ್ಚಿಯಲ್ಲಿ ಕೂತಿರುತ್ತಾಳೆ, ಅಳುವುದೂ ಇಲ್ಲ. ಒಳ್ಳೆಯದೇ ಆಯಿತು ಎನ್ನುತ್ತಾರೆ ಎಲ್ಲರೂ. ಆದರೆ ಆ ಮನೆ ಇಷ್ಟು ದಿನ ನಿಂತಿದ್ದದ್ದು ಅವಳ ಆ ಒಂದು ಪ್ರಶ್ನೆಯಲ್ಲೇ. ದೀಪ ಹಚ್ಚುವ ಹೊತ್ತಿಗೆ ಈಗಲೂ ನಾನು ಕೈಯಲ್ಲಿ ಕಡ್ಡಿ ಹಿಡಿದು, ಅವಳು ಕೇಳಲಿ ಎಂದು ಕಾಯುತ್ತೇನೆ.