ಮಡಚಿದರೆ ಪೆಟ್ಟಿಗೆ, ಬಿಡಿಸಿದರೆ ಕಾಗದ!

"ಇದು ಪೆಟ್ಟಿಗೆ ಅಲ್ಲಮ್ಮ, ಬರೀ ಅಚ್ಚು ಹಾಕಿದ ಕಾಗದ. ರಫ್ತಿನ ಪೆಟ್ಟಿಗೆಗೆ ಸುಂಕವಿಲ್ಲ, ಕಾಗದಕ್ಕೆ ಕಟ್ಟಲೇಬೇಕು, ಅದೇ ನಿಯಮ" ಎಂದು ಬಂದರಿನ ಕಸ್ಟಮ್ಸ್ ಅಧಿಕಾರಿ ನಮ್ಮ ರಟ್ಟನ್ನು ಮೇಜಿನ ಮೇಲೆ ಎಸೆದರು.

ಉಪ್ಪುಂದದಲ್ಲಿ ನಾನೂ ಅತ್ತಿಗೆಯೂ ಸೇರಿ ಒಣಸಿಗಡಿ ಪ್ಯಾಕ್ ಮಾಡಿ ದುಬೈಗೆ ಕಳಿಸಲು ಹೊರಟಿದ್ದೆವು. ಅಲ್ಲಿನ ವ್ಯಾಪಾರಿ ತನ್ನ ಹೆಸರು ಅಚ್ಚಾದ ರಟ್ಟಿನ ಪೆಟ್ಟಿಗೆಗಳನ್ನು, ಜಾಗ ಉಳಿಯಲೆಂದು ಚಪ್ಪಟೆಯಾಗಿ ಜೋಡಿಸಿ, ಹಡಗಿನಲ್ಲಿ ಕಳಿಸಿದ್ದ.

ನಾನು ಆ ರಟ್ಟನ್ನು ಅಧಿಕಾರಿಯ ಎದುರೇ ಮಡಚಿ ನಿಲ್ಲಿಸಿದೆ. ಸಿಟ್ಟಿಗೆ ಊರಿನ ಮಾತೇ ಬಂತು: "ಹ್ವಾಯ್, ಇದ್ ಪೆಟ್ಗಿ ಅಲ್ದೆ ಮತ್ತೆಂತ?"

"ನೀವು ಮಡಚಿದ್ದಕ್ಕೆ ಇದೊಂದು ಪೆಟ್ಟಿಗೆ ಆಯ್ತು. ಉಳಿದದ್ದೆಲ್ಲ ಕಾಗದವೇ" ಎಂದು ಅವರು ನಕ್ಕರು. ನನ್ನ ಮೈ ಉರಿದುಹೋಯಿತು. ಸುಂಕ ಕಟ್ಟದೆ ಮೇಲಿನವರಿಗೆ ದೂರು ಕೊಟ್ಟೆ; ಪೆಟ್ಟಿಗೆಗಳು ಬಂದರಿನಲ್ಲೇ ಉಳಿದವು. ಮಡಚದಿದ್ದರೂ ಪೆಟ್ಟಿಗೆ ಪೆಟ್ಟಿಗೆಯೇ ಎಂದು ಅವರು ತೀರ್ಮಾನಿಸುವಷ್ಟರಲ್ಲಿ ಮಳೆಗಾಲ ಹಿಡಿದಿತ್ತು. ಶೆಡ್ಡಿನಲ್ಲಿದ್ದ ಸಿಗಡಿಗೆಲ್ಲ ಬೂಷ್ಟು ಬಂದಿತ್ತು. ದುಬೈಯವನು ಕಾದು ಸಾಕಾಗಿ ಬೇರೆ ಕಡೆ ಕೊಂಡಿದ್ದ. ಸಿಗಡಿ ಆರಿಸಲು ಬರುತ್ತಿದ್ದ ಕೇರಿಯ ಹೆಂಗಸರು ಕೆಲಸವಿಲ್ಲದೆ ಮನೆಯಲ್ಲಿ ಕುಳಿತರು. ಕೊನೆಗೂ ಲಾರಿಯಿಂದ ಆ ಪೆಟ್ಟಿಗೆಗಳು ಇಳಿದಾಗ ಅತ್ತಿಗೆ ಕೇಳಿದರು: "ಇನ್ನ್ ಇದ್ರಗೆ ಎಂತ ತುಂಬ್ಸುದ್ ಮಾರಾಯ್ತಿ, ನಮ್ ಸಿಟ್ಟಾ?"

ಆ ಅಧಿಕಾರಿ ತಪ್ಪಾಯಿತು ಎಂದು ಒಂದು ಮಾತೂ ಹೇಳಲಿಲ್ಲ. ಇಷ್ಟು ವರ್ಷವಾದರೂ ನನ್ನ ಕೋಪ ಆರಿಲ್ಲ; ಆರಬೇಕೆಂದು ನನಗೂ ಅನ್ನಿಸಿಲ್ಲ. ಈಗ ಯಾವ ಕಚೇರಿಯಲ್ಲಿ ಯಾರು 'ನಿಯಮ' ಎಂದರೂ, ಎಲ್ಲಿ ಬರೆದಿದೆ ತೋರಿಸಿ ಎಂದು ನಿಂತಲ್ಲೇ ಕೇಳುತ್ತೇನೆ.