ವಾಪಸ್ ಕೇಳದ ಕುರ್ಚಿ

ನನ್ನ ಸೋದರಮಾವನಿಗೆ ಚೆನ್ನಾಗಿ ಬರುತ್ತಿದ್ದ ಕೆಲಸ ಒಂದೇ, ಸೈಕಲ್ ರಿಪೇರಿ. ಚೂರೂ ಬಾರದ ಕೆಲಸವೂ ಒಂದೇ, ಕೊಟ್ಟದ್ದನ್ನು ವಾಪಸ್ ಕೇಳುವುದು. ಅಂಥವನು ಏಳು ಜನರನ್ನು ಕಟ್ಟಿಕೊಂಡು ಒಂದು ಸಂಘ ಮಾಡಿದ. ಕಾಲು ಮುರಿದವರಿಗೆ, ಕೈಲಾಗದವರಿಗೆ ಗಾಲಿಕುರ್ಚಿ, ವಾಕರ್ ಪುಕ್ಕಟೆ ಕೊಡುವುದು, ಅವರ ಕೆಲಸ ಮುಗಿದ ಮೇಲೆ ತರುವುದು. ಅಂಗಡಿಯ ಹಿಂದಿನ ತಗಡಿನ ಶೆಡ್ಡೇ ಆಫೀಸು. ಬೋರ್ಡೂ ಇರಲಿಲ್ಲ. ಯಾವ ಮನೆಗೆ ಏನು ಹೋಗಿದೆ ಎಂದು ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿರುತ್ತಿತ್ತು. ಯಾರೋ ಎಸೆದ ಕುರ್ಚಿಗೆ ಮಾವ ಚಕ್ರದ ಕಡ್ಡಿ ಬಿಗಿದು, ಗ್ರೀಸ್ ಹಚ್ಚಿ, ಸಂಘದಲ್ಲೇ ಇದ್ದ ಟೈಲರ್ ಹೊಲಿದುಕೊಟ್ಟ ಸೀಟು ಹಾಕಿದರೆ ಅದು ಇನ್ನೂ ಹತ್ತು ವರ್ಷ ಓಡುತ್ತಿತ್ತು. ಆ ಗ್ರೀಸ್ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ಇವತ್ತಿಗೂ ಮಾವ ನೆನಪಾಗುತ್ತಾನೆ.

ಅಮ್ಮನಿಗೆ ಮಾತ್ರ ಈ ಸಂಘ ಕಂಡರೆ ಆಗುತ್ತಿರಲಿಲ್ಲ. "ಮಾಡೋಕೆ ಕೆಲಸ ಇಲ್ಲದೋರ ಸಂಘ" ಎಂದು ತಮ್ಮನನ್ನು ಎದುರಿಗೇ ಆಡಿಕೊಳ್ಳುತ್ತಿದ್ದಳು. ಅವಳೇ ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು.

"ನಾಳೆ ಮನೆಗೆ ಕರ್ಕೊಂಡು ಹೋಗಿ. ಆರು ವಾರ ಕಾಲು ಊರೋ ಹಾಗಿಲ್ಲ" ಎಂದರು ಡಾಕ್ಟರು.

ನಮ್ಮ ಗಲ್ಲಿಗೆ ಗಾಡಿ ಬರುವುದಿಲ್ಲ. ಶೆಡ್ಡಿಗೆ ಓಡಿದೆ. ಅಲ್ಲಿ ಒಂದೂ ಗಾಲಿಕುರ್ಚಿ ಇರಲಿಲ್ಲ.

"ಎರಡು ಪೇಷೆಂಟುಗಳ ಹತ್ರ ಇವೆ. ಇನ್ನೊಂದು ಟೀಚರಮ್ಮನ ಮನೇಲಿದೆ" ಎಂದ ಮಾವ, ತಲೆ ಎತ್ತದೆ.

ಟೀಚರಮ್ಮನ ಯಜಮಾನರು ತೀರಿಕೊಂಡು ಎರಡು ತಿಂಗಳಾಗಿತ್ತು. ಕುರ್ಚಿ ತರಲೆಂದು ಮಾವ ನಾಲ್ಕು ಸಲ ಹೋಗಿ, ನಾಲ್ಕು ಸಲವೂ ಟೀ ಕುಡಿದು ಬಂದಿದ್ದ.

"ಸತ್ತೋರಿಗೆ ಗಾಲಿಕುರ್ಚಿ ಯಾಕೆ ಮಾವ? ನಿನ್ನ ಸ್ವಂತ ಅಕ್ಕ ಅಲ್ಲಿ ಮಲಗಿದಾಳೆ!"

ಅವನು ಸ್ಪ್ಯಾನರ್ ತಿರುಗಿಸುತ್ತಲೇ ಇದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ನಾನೇ ಹೊರಟೆ.

ಟೀಚರಮ್ಮ ಒಳಗೆ ಕೂರಿಸಿ ಟೀ ಕೊಟ್ಟರು. ಕುರ್ಚಿ ಕಿಟಕಿಯ ಪಕ್ಕದಲ್ಲಿತ್ತು, ಅದರ ಬೆನ್ನಿಗೆ ಯಜಮಾನರ ಸ್ವೆಟರ್. ಸೀಟಿನ ಮೇಲೆ ಆ ದಿನದ ಪೇಪರ್, ಮಡಿಕೆ ಕೂಡ ಬಿಚ್ಚಿರಲಿಲ್ಲ. ಮಾತಾಡುತ್ತಿದ್ದ ಹಾಗೇ ಬಿಸಿಲು ಒಳಗೆ ಬಂತು. ಅವರು ಎದ್ದು ಕುರ್ಚಿಯನ್ನು ಒಂದು ಗೇಣು ನೆರಳಿಗೆ ಎಳೆದು, ಮತ್ತೆ ಬಂದು ಕೂತರು. ಹಾಗೆ ಮಾಡಿದ್ದು ಅವರ ಗಮನಕ್ಕೇ ಬರಲಿಲ್ಲವೇನೋ.

"ಏನಾದ್ರೂ ಕೆಲಸ ಇತ್ತೇನಮ್ಮಾ?"

"ಏನಿಲ್ಲ ಟೀಚರ್. ಈ ಕಡೆ ಬಂದಿದ್ದೆ, ಮಾತಾಡಿಸ್ಕೊಂಡು ಹೋಗೋಣ ಅಂತ."

ಬರಿಗೈಯಲ್ಲಿ ಬಂದವಳನ್ನು ಮಾವ ನೋಡಿದ. "ಟೀ ಕೊಟ್ರಾ?" ಎಂದಷ್ಟೇ ಕೇಳಿದ. ಹೂಂ ಅನ್ನುವಷ್ಟರಲ್ಲಿ ನನಗೆ ಅಳು ಬಂತು.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಗಾಡಿ ಅಮ್ಮನನ್ನು ದೊಡ್ಡ ರಸ್ತೆಯಲ್ಲಿ ಇಳಿಸಿತು. ಮಾವ ಅಂಗಡಿಯ ಮರದ ಕುರ್ಚಿ ಹೊತ್ತು ತಂದಿದ್ದ. ಟೈಲರ್, ಇಸ್ತ್ರಿ ಅಂಗಡಿಯವನು, ಮಾವ, ನಾನು ನಾಲ್ಕು ಮೂಲೆಗೆ ಕೈ ಕೊಟ್ಟು ಅವಳನ್ನು ಎತ್ತಿದೆವು.

"ಮೆಲ್ಲಗೆ ಕಣೋ! ನನ್ನನ್ನೇನು ಮೂಟೆ ಅಂದ್ಕೊಂಡ್ರಾ? ಎಲ್ಲಿ ನಿನ್ನ ಗಾಲಿಕುರ್ಚಿ? ಊರಿಗೆಲ್ಲ ಕೊಡ್ತೀಯಲ್ಲ!"

ಮಾವ ಕುರ್ಚಿಯ ಕಾಲನ್ನು ಇನ್ನೊಂದು ಕೈಗೆ ಬದಲಿಸಿಕೊಂಡ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಸ್ವೆಟರ್, ಪೇಪರ್, ಬಿಸಿಲು ಎಲ್ಲ. ಅಮ್ಮ ತಮ್ಮನ ಮುಖ ನೋಡಿದಳು. ಇನ್ನು ಮಾವನಿಗೆ ಮಂಗಳಾರತಿ ಗ್ಯಾರಂಟಿ ಅಂದುಕೊಂಡೆ.

ನಮ್ಮ ಮನೆಗೆ ಹತ್ತಿರದ ದಾರಿ ಟೀಚರಮ್ಮನ ಬೀದಿಯೇ. ತಿರುವು ಬರುತ್ತಲೇ ಅಮ್ಮ ತಮ್ಮನ ಭುಜ ಹಿಡಿದು ನಿಲ್ಲಿಸಿದಳು.

"ಈ ಬೀದಿ ಬೇಡ ಕಣೋ, ಸುತ್ತು ಹಾಕ್ಕೊಂಡು ಹೋಗೋಣ. ನನ್ನನ್ನ ಹೀಗೆ ನೋಡಿದ್ರೆ ಟೀಚರಮ್ಮ ಇವತ್ತೇ ಆ ಕುರ್ಚಿ ಕೊಟ್ಟುಬಿಡ್ತಾರೆ."