ಅಂಟದ ಚುಕ್ಕೆಗಳು

ಟೇಲರ್ ಅಕ್ಕನ ಮುಖ, ಕತ್ತು, ಮುಂಗೈಗಳ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳಿದ್ದವು. ಹುಟ್ಟಿದ ಎರಡು ವರ್ಷಕ್ಕೇ ಬಂದವಂತೆ. ಬಿಸಿಲಿಗೆ ಬಂದರೆ ಕಣ್ಣು ಉರಿದು ನೀರು ಸುರಿಯುತ್ತಿತ್ತು. ಗಾದಿಗನೂರಿನಲ್ಲಿ ನಮ್ಮ ಪಕ್ಕದ ಮನೆ ಅವಳದು. ಕಿಟಕಿಗೆ ದಪ್ಪ ಪರದೆ ಕಟ್ಟಿ, ಲೈಟು ಹಾಕಿಕೊಂಡು ಹಗಲೆಲ್ಲ ಹೊಲಿಯುತ್ತಿದ್ದಳು. ಶಾಲೆ ಹುಡುಗಿಯರ ಲಂಗದ ಒಳಗೆ ನಾಲ್ಕು ಬೆರಳು ಬಟ್ಟೆ ಮಡಚಿ ಬಿಡುತ್ತಿದ್ದಳು. "ಬೆಳಿಯೋ ಹುಡುಗ್ಯಾರು, ಮುಂದಿನ ವರ್ಷ ಬಿಚ್ಚಿಕೊಂತಾರ" ಎನ್ನುತ್ತಿದ್ದಳು. ನಾನು ಹೊಸಪೇಟೆಯ ಕಾಲೇಜಿನಿಂದ ಬಂದವಳೇ ಅವಳ ಮಷಿನ್ ಪಕ್ಕ ಕೂತು ಹರಟುತ್ತಿದ್ದೆ.

ಬಿ.ಎಸ್ಸಿ. ಕೊನೆಯ ವರ್ಷ ಡಿಎನ್‌ಎ ಪಾಠ ನಡೆಯಿತು. ಜೀವಕೋಶ ಎರಡಾಗುವ ಮುನ್ನ ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳುತ್ತದೆ. ಬಿಸಿಲು ಅದನ್ನು ಕೆಡಿಸುತ್ತಲೇ ಇರುತ್ತದೆ. ಕೆಟ್ಟ ತುಂಡನ್ನು ಕತ್ತರಿಸಿ ತೆಗೆದು, ಎದುರಿನ ಎಳೆ ನೋಡಿ ಹೊಸದಾಗಿ ತುಂಬುವ ವ್ಯವಸ್ಥೆ ಕೋಶದಲ್ಲೇ ಇದೆ. ಕೆಲವರಿಗೆ ಹುಟ್ಟಿನಿಂದಲೇ ಅದು ಸರಿಯಿರುವುದಿಲ್ಲ. ಎಳವೆಯಲ್ಲೇ ಚುಕ್ಕೆ, ಆಮೇಲೆ ಕ್ಯಾನ್ಸರ್. ನೋಟ್ಸ್ ಬರೆಯುತ್ತಿದ್ದ ನನ್ನ ಕೈ ನಿಂತಿತು. ಅಕ್ಕನದು ಇದೇ ಎಂದು ಗೊತ್ತಾಯಿತು.

ಅದೇ ವಾರ ನಲ್ಲಿಯ ಹತ್ತಿರ ಓಣಿಯ ಹೆಂಗಸರು ಕೇಳಿದರು. "ನೀ ಓದಿದಾಕಿ, ಹೇಳವ್ವ. ಆಕಿ ಚುಕ್ಕಿ ಅಂಟ್ತಾವೇನು?"

ಆಗ ನನಗೆ ಗಂಡು ನೋಡುತ್ತಿದ್ದರು. ದಿನಾ ಅವಳ ಪಕ್ಕ ಕೂರುವ ನನ್ನ ಮೇಲೂ ಅನುಮಾನ ಬಂದೀತೆಂದು ಹೆದರಿದೆ.

"ಯಾರಿಗೊತ್ತು. ಹುಷಾರಾಗಿರೋದು ಚಲೋ" ಎಂದೆ. ಅವಳ ಮನೆಗೆ ಹೋಗುವುದನ್ನೂ ಬಿಟ್ಟೆ.

ಎರಡು ತಿಂಗಳಲ್ಲಿ ಬಟ್ಟೆ ಕೊಡುವವರೇ ಇಲ್ಲವಾದರು. ಅಕ್ಕ ತಲೆಗೆ ಟವೆಲ್ ಸುತ್ತಿಕೊಂಡು ಮೆಣಸಿನಕಾಯಿ ಬಿಡಿಸಲು ಹೊಲಕ್ಕೆ ಹೊರಟಳು. ಬಾಗಿಲ ಸಂದಿಯಿಂದ ನೋಡಿದೆ. ತಡೆಯಲಿಲ್ಲ.

ಮದುವೆಯಾಗಿ, ಕಾಲೇಜಿನಲ್ಲಿ ನಾನೇ ಆ ಪಾಠ ಹೇಳತೊಡಗಿ ಕೆಲವು ವರ್ಷಗಳಾದ ಮೇಲೆ ಊರಿಗೆ ಹೋದಾಗ ಅವಳ ಮೂಗಿನ ಮೇಲೆ ದೊಡ್ಡ ಬ್ಯಾಂಡೇಜಿತ್ತು. ಪಕ್ಕದಲ್ಲಿ ಕೂತು ಎಲ್ಲ ಬಿಡಿಸಿ ಹೇಳಿದೆ. ನಲ್ಲಿಯ ಹತ್ತಿರ ಆಡಿದ್ದನ್ನೂ ಹೇಳಿದೆ.

"ಹಂಗಾರ ಅಂಟಲ್ಲ?" ಎಂದು ಕೇಳಿದಳು.

"ಅಂಟಲ್ಲಕ್ಕ."

"ನಿನಗ ಆವಾಗ್ಲೇ ಗೊತ್ತಿತ್ತು?"

"ಗೊತ್ತಿತ್ತು."

ಅಕ್ಕ ಅಂದಳು: "ಅವ್ರಿಗೆ ಬ್ಯಾಡ, ನನಗರ ಹೇಳಬೇಕಿತ್ತವ್ವ. ನನ್ನ ತಂಗಿ ಮಗಳನ್ನ ಒಂದಿನಾನೂ ಎತ್ಕೊಂಡಿಲ್ಲ ನಾನು."

ಆ ಕೂಸಿಗೆ ಆಗಲೇ ಎಂಟು ವರ್ಷ. ಎತ್ತಿಕೊಳ್ಳುವ ವಯಸ್ಸು ದಾಟಿತ್ತು.

ಅಕ್ಕ ಆ ಬೇಸಿಗೆಯಲ್ಲೇ ತೀರಿಕೊಂಡಳು. ಪಾಠದ ಆ ಭಾಗ ಬಂದಾಗ ಈಗಲೂ ಮಕ್ಕಳ ಮುಖ ನೋಡಿ ಹೇಳಲಾರೆ. ಬೋರ್ಡಿನ ಕಡೆ ತಿರುಗಿ ಹೇಳಿ ಮುಗಿಸುತ್ತೇನೆ.